ಹೂವು ಯಾವ ಕಡೆಗೆ?

“ತಲೆ ಹೆಂಗ್ ಬೇಕು ಮೇಡಂ?”
ನನ್ನ ಕೈ ತಾನಾಗಿ ತುರುಬಿಗೆ ಹೋಯಿತು.
“ನಿಮ್ದಲ್ಲ, ಪರದೇದು,” ಅಂದರು ಮುನಾವರ್ ಸಾಬರು,
ನಗದೆ, ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡೇ.

ಸುಲ್ತಾನ್‌ಪೇಟೆಯ ಅಂಗಡಿ. ಚಪ್ಪಲಿ ಹೊರಗೆ,
ನಾನು ಬಿಳಿ ಗಾದಿಯ ಅಂಚಿನಲ್ಲಿ.
ಪರದೆಗೂ ತಲೆಯಿದೆ, ಗೊತ್ತಿರಲಿಲ್ಲ.
ಎರಡು ಮೊಳೆ, ನಡುವೆ ಬಿಗಿದ ದಾರ, ಅಮ್ಮನ ಹಳೇ ವಾಯಿಲ್ ಸೀರೆ,
ಇಷ್ಟರಲ್ಲೇ
ಆರು ಬಾಡಿಗೆ ಮನೆಗಳ ಕಿಟಕಿ ಮುಗಿಸಿದವಳು ನಾನು.

ಮಾದರಿ ತುಂಡುಗಳನ್ನು ಇಸ್ಪೀಟಿನ ಹಾಗೆ ಹರಡಿದರು.
ಇದು ಕಣ್ಣು. ಸ್ಟೀಲಿನ ಉಂಗುರ, ರೆಕ್ಕೆಗೆ ಎಂಟು.
ಕಣ್ಣು ತಪ್ಪಿಸಲೆಂದು ತರುವ ಬಟ್ಟೆಗೆ
ಎಂಟು ಕಣ್ಣು!
ಇದು ಚಿಟಿಕೆ. ಮೂರು ಮಡಿಕೆ ಸೇರಿಸಿ ಬುಡದಲ್ಲಿ ಚಿವುಟಿದ್ದು,
ನಮ್ಮ ಡಿಪೋ ಮ್ಯಾನೇಜರ ಹುಬ್ಬು.
ಇದು ಪೆನ್ಸಿಲ್ಲು, ಒತ್ತೊತ್ತಾಗಿ ಸಣ್ಣ ಗೆರೆ.
ಇದು ಲೋಟ. ಪ್ರತಿ ಮಡಿಕೆಯೂ ಬಾಯಿಬಿಟ್ಟು ನಿಂತ ಲೋಟ,
ಒಳಗೆ ಹತ್ತಿ ತುಂಬಬೇಕು.
“ಇದು ಸದಾಶಿವನಗರದ ಬಂಗ್ಲೆಯವ್ರಿಗೆ. ನಿಮ್ಗೆ ಬೇಡ.”
ಬೇಡವಾದದ್ದೇ, ನಿಜ.
ಆದರೂ ಬೇಡ ಎನ್ನುವುದು ನಾನಾಗಬೇಕಿತ್ತು.

“ನೆರಿಗೆ ಎಷ್ಟು ಬಿಡ್ಲಿ? ಎರಡಾ, ಎರಡೂವರೆಯಾ?”
ಒಂದು ಗಜ ಕಿಟಕಿಗೆ ಎರಡೂವರೆ ಗಜ ಬಟ್ಟೆ!
ಮೂವತ್ತು ವರ್ಷ ಬಸ್ಸಿನ ಟಿಕೆಟ್ಟು ತಾಳೆ ನೋಡಿದವಳು,
ಉಳಿದ ಒಂದೂವರೆ ಗಜದ ಲೆಕ್ಕ ಕೇಳದೆ ಬಿಡುವೆನೆ?
“ಎಲ್ಲೂ ಹೋಗಲ್ಲ ಮೇಡಂ. ಅಲ್ಲೇ ಮಡಿಚ್ಕೊಂಡಿರ್ತದೆ.
ಅದಿಲ್ದಿದ್ರೆ ಪರದೆ ಅಲ್ಲ, ಒಣಗ್ಹಾಕಿದ್ ಬೆಡ್‌ಶೀಟು.”
ಅಂಗಡಿಯ ಕನ್ನಡಿಯಲ್ಲಿ ಕಣ್ಣ ಕೆಳಗಿನ ನೆರಿಗೆ ಕಂಡಿತು.
ಎರಡೂವರೆಯೇ ಇರಲಿ, ಅಂದೆ.

ಆಮೇಲೆ ಡಬ್ಬಗಳು: ಜಾಲರಿ, ಮಣಿಸರ, ಕಟ್ಟುಹಗ್ಗಕ್ಕೆ ರೇಷ್ಮೆ ಗೊಂಡೆ.
ನನಗೆಂದು ಯಾರೂ ಅಂತಃಪಟ ಹಿಡಿದವರಲ್ಲ;
ಅದಕ್ಕೆ ಕುಚ್ಚಿರುತ್ತದೋ ಇಲ್ಲವೋ, ಹತ್ತಿರದಿಂದ ನೋಡಿಲ್ಲ.
ಕುಚ್ಚು ಬೇಡ ಸಾಬರೇ, ಧೂಳು ಕೂರುತ್ತದೆ.
ಕೆಳಮಡಿಕೆಗೆ ಸೀಸದ ಗುಂಡು ಹಾಕಿ. ಮತ್ತಿಕೆರೆ, ಮೂರನೇ ಮಹಡಿ,
ಆಷಾಢದ ಗಾಳಿಗೆ ಬಾಗಿಲು ಕೇಳಿ ಅಭ್ಯಾಸವಿಲ್ಲ.

“ಹೂವು ಯಾವ ಕಡೆಗೆ?
ಎಲ್ರೂ ಒಳಗಡೆಗೇ ಇಡೋದು. ಹೊರಗಿನವ್ರಿಗೆ ಬರೀ ಅಸ್ತರು.”

ಅವರ ಸೀಮೆಸುಣ್ಣ ಬಟ್ಟೆಯ ಮೇಲೆ ನಿಂತಿತು.
ನಾನು ಸುಮ್ಮನಾದೆ.

ನನ್ನ ಕಿಟಕಿಗೂ ಆಚೆ ಮನೆಯ ಅಡುಗೆಮನೆಗೂ
ಆರೇ ಅಡಿ, ನಡುವೆ ಒಂದು ನೀರಿನ ಪೈಪು.
ಹಾಲುಕ್ಕಿಸಿದ ಸಂಜೆಯೇ ಗಾಜಿಗೆಲ್ಲ ಪೇಪರು ಮೆತ್ತಿದ್ದೆ.
ಮೂರನೇ ವಾರ ಆ ಕಡೆಯಿಂದ ಒಂದು ದನಿ:
“ರೀ, ಆ ಪುಟ ಓದಾಯ್ತು. ಬೇರೆ ಅಂಟ್ಸಿ.”
ಅಂದಿನಿಂದ ಭಾನುವಾರ ಭಾನುವಾರ ಬದಲಿಸಿದೆ,
ಶ್ರದ್ಧಾಂಜಲಿಯ ಪುಟ ಬಿಟ್ಟು, ಪದಬಂಧ ಹೊರಮುಖ ಮಾಡಿ.
ಒಗ್ಗರಣೆಯ ಚಟಪಟದ ನಡುವೆ ಉತ್ತರ ಕೂಗಿ ಹೇಳುತ್ತಿದ್ದರು,
ಕೆಲವು ತಪ್ಪು.
ಒಮ್ಮೆ, ಮೇಲಿನಿಂದ ಕೆಳಕ್ಕೆ ನಾಲ್ಕು:
ಅಲೆಯೂ ಹೌದು, ಪರದೆಯೂ ಹೌದು, ಎರಡಕ್ಷರ.
“ತೆರೆ!” ಎಂದು ಕಿರುಚಿದರು.
ಬೆಂಕಿಯೋ ಏನೋ ಎಂದು ಗಾಬರಿಬಿದ್ದು
ಕಿಟಕಿ ತೆರೆದೆ.

ಸೌಟು ಹಿಡಿದು ನಿಂತಿದ್ದರು ಫಿಲೋಮಿನಮ್ಮ,
ಕನ್ನಡಕದ ಮೇಲೆ ಹಬೆ. ಇಬ್ಬರೂ
ಏನು ಮಾತಾಡಬೇಕೆಂದು ತಿಳಿಯದೆ
ಪೈಪನ್ನು ನೋಡಿದೆವು.

“ಮೇಡಂ, ಹೂವು?”

ಒಳಗಡೆಗೇ, ಎಲ್ಲರ ಹಾಗೆ.
ಆದರೆ ಅಸ್ತರಿನ ಮೇಲೆ, ಹೊರಮೈಗೆ,
ಪ್ಲಾಸ್ಟಿಕ್ಕಿನದೊಂದು ಜೇಬು ಹೊಲಿಯಿರಿ.
ಪೇಪರಿನ ಒಂದು ಪುಟ ಮಡಿಚದೆ ಕೂರಬೇಕು.
ಎತ್ತರ, ನಿಂತು ಅಡುಗೆ ಮಾಡುವವರ ಕಣ್ಣಿನ ಮಟ್ಟ.

ಸಾಬರು ಬಾಯಿಂದ ಪಿನ್ನು ತೆಗೆದರು.
ನನ್ನನ್ನೇ ಒಂದು ಗಳಿಗೆ ನೋಡಿ,
ಚೀಟಿಯಲ್ಲಿ ಬರೆದುಕೊಂಡರು: ಜೇಬು, ಒಂದು.
“ಮಜೂರಿ ಬೇರೆ ಆಗತ್ತೆ.”